ಸವಾರನಿಗೆ ತಕ್ಕ ಸೈಕಲ್

ಮೈಯಳತೆ ಕೊಟ್ಟು ಅಂಗಿ ಹೊಲಿಸುವ ನಾವು ಸೈಕಲ್ಲನ್ನು ಮಾತ್ರ ಬೆಲೆ, ಬಣ್ಣಗಳನ್ನು ನೋಡಿ ಕೊಳ್ಳುತ್ತೇವೆ. ದೂರ ಪ್ರವಾಸಕ್ಕೆ ಈ ಪದ್ಧತಿ ಸಲ್ಲದು. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗಿಬರುವಾಗ ಕಾಣದ ದೋಷವು ಹಾಸನವನ್ನು ದಾಟಿ ಸಕಲೇಶಪುರ ಮುಟ್ಟುವುದರೊಳಗೆ ಮಂಡಿನೋವಾಗಿ ಪ್ರಕಟವಾದೀತು.

ಮೊದಲು ಅಳೆಯತಕ್ಕದ್ದು ಸವಾರನ ಕಾಲನ್ನು. ಚೌಕಟ್ಟಿನ ಮೇಲುಕೊಳವೆಯ ಇಕ್ಕೆಲಗಳಲ್ಲಿ ಕಾಲೂರಿ ನಿಂತಾಗ ಅದು ಮೈಗೆ ತಾಗಬಾರದು. ಪೀಠದಲ್ಲಿ ಕುಳಿತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕು; ಹಾಗಿದ್ದರೆ ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಪೀಠವು ತೀರ ತಗ್ಗಾದರೆ ಮಂಡಿಯ ಮೇಲಿನ ಒತ್ತಡ ಹೆಚ್ಚುತ್ತದೆ.

ಎರಡನೆಯದು ಹಲ್ಲುಚಕ್ರಗಳ ಲೆಕ್ಕ. 28 ಅಂಗುಲದ ಗಾಲಿಗೆ ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 5.5 ಮೀಟರ್ ಸಾಗುತ್ತದೆ. ಬಯಲಿಗೆ ಇದು ಒಪ್ಪುವುದು. ಹೊರೆಯೊಡನೆ ಕರಾವಳಿಯಿಂದ ಶಿರಾಡಿ ಘಾಟಿಯನ್ನೇರಿ ಮರಳುವವನಿಗೆ ಮುಂದೆ 28, ಹಿಂದೆ 32 ಹಲ್ಲುಗಳ ಜೋಡಿಯೂ ಇರಬೇಕು. ಆಗ ಒಂದು ಸುತ್ತಿಗೆ ಸುಮಾರು 2 ಮೀಟರ್ ಮಾತ್ರ ಸಾಗಿದರೂ ತುಳಿತವು ಹಗುರಾಗುತ್ತದೆ.

ಹೊರೆಯನ್ನು ಬೆನ್ನಿಗೆ ಕಟ್ಟದೆ ಗಾಲಿಯ ಎರಡೂ ಬದಿಗೆ ಸಮನಾಗಿ, ತಗ್ಗಾಗಿ ಹಂಚಬೇಕು. ಚೌಕಟ್ಟು ಉಕ್ಕಿನದಾದರೆ ಲೇಸು. ತೂಕ ತುಸು ಹೆಚ್ಚಾದರೂ, ಮುರಿದಲ್ಲಿ ಸಣ್ಣ ಊರಿನ ಬೆಸುಗೆಗಾರನೂ ಅದನ್ನು ಸರಿಪಡಿಸಬಲ್ಲನು.

ಎತ್ತರದ ಗಂಡಾಳಿಗೆ ಮಾಡಿದ ಚೌಕಟ್ಟನ್ನೇ ಗಿಡ್ಡಗಿರುವವರಿಗೂ ಹೆಂಗಸರಿಗೂ ಮಾರುವುದು ನ್ಯಾಯವಲ್ಲ. ಅಳತೆಪಟ್ಟಿಗೆ ತಗಲುವ ವೆಚ್ಚ ಅತ್ಯಲ್ಪ. ಅಂಗಡಿಕಾರನು ಅದನ್ನು ಕೈಗೆತ್ತಿಕೊಳ್ಳುವ ತನಕ ಕೊಳ್ಳುವವರು ಹಣದ ಚೀಲ ಬಿಚ್ಚದಿರುವುದೇ ಒಳಿತು.