ಸಿನೆಮಾ ಬರೆದವರ ದಫ್ತರ

ಅಮೇರಿಕೆಯ ಲಾಸ್ ಏಂಜಲೀಸ್ ನಗರದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪ್ರೆಸ್ಟನ್ ಸ್ಟರ್ಜಿಸ್ ಎಂಬವರ ಕಾಗದಪತ್ರಗಳನ್ನು ಪೆಟ್ಟಿಗೆಗಳಲ್ಲಿಟ್ಟು, ಪಟ್ಟಿ ಮಾಡಿ, ಅಭ್ಯಾಸಿಗಳಿಗೆ ಓದಲು ಒದಗಿಸಿರುವರು. ಈ ಗೃಹಸ್ಥರು ರಾಜಕಾರಣಿಗಳಲ್ಲ, ವಿಜ್ಞಾನಿಗಳೂ ಅಲ್ಲ. ಸಿನೆಮಾಗಳಿಗೆ ಕಥೆ ಸಂಭಾಷಣೆಗಳನ್ನು ಬರೆದು ಅವನ್ನು ತಾವೇ ನಿರ್ದೇಶಿಸಿದವರು. 1940ರಲ್ಲಿ ಹೊರಬಿದ್ದ ‘ದಿ ಗ್ರೇಟ್ ಮೆಕ್‌ಗಿಂಟಿ’ ಎಂಬ ಚಿತ್ರದ ಕಥೆಯನ್ನು, ನಿರ್ದೇಶನವನ್ನು ತಮಗೇ ಒಪ್ಪಿಸತಕ್ಕದ್ದೆಂಬ ಕರಾರಿನ ಮೇಲೆ, ಬರೇ 10 ಡಾಲರಿಗೆ ಕಂಪನಿಗೆ ಮಾರಿದ ಸಾಹಸಿಗರಿವರು. ಸ್ವತಂತ್ರ ಚಿತ್ರಕಥೆಗೆಂದು ಮೀಸಲಾದ ಮೊದಲನೆಯ ಆಸ್ಕರ್ ಬಹುಮಾನವು ಮುಂದೆ ಅದೇ ಕಥೆಗೆ ದೊರೆಯಿತು. ಸ್ಟರ್ಜಿಸರು 1959ರಲ್ಲಿ ತೀರಿಕೊಂಡರು. ಅವರ ಲೇಖನಿಯಿಂದ ಹೊರಟ ಕಾಗದವು ಇಂದಿಗೂ ಕ್ಷೇಮವಾಗಿರುವದು.

ಇದನ್ನು ಪರದೇಶದವರ ಹಣದ ಸೊಕ್ಕೆಂದು ತಳ್ಳಿಹಾಕುವ ವಾಚಕರಿಗೆ ನಾವು ಒಂದು ಪ್ರಶ್ನೆಯನ್ನು ಕೇಳಬಯಸುವೆವು. ನಮ್ಮ ಎಚ್. ಎಲ್. ಎನ್. ಸಿಂಹರ ಕಾಗದಪತ್ರಗಳಿಗೆ ಇಂಥದೊಂದು ಮನೆ ಎಲ್ಲಿರುವದು?

ಸಿಂಹರು ಯಾರೆಂದು ಕೇಳುವ ತರುಣರು ಇಂದು ಬಹಳ ಮಂದಿ. ರಾಜಕುಮಾರರನ್ನು ಅರಿಯದ ಕನ್ನಡಿಗನಿಲ್ಲ. ಆ ರಾಜಕುಮಾರರನ್ನು 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕರನ್ನಾಗಿ ನಿಲ್ಲಿಸಿದ ನಿರ್ದೇಶಕರೇ ಸಿಂಹರು. ಅದಕ್ಕೂ 18 ವರ್ಷ ಮೊದಲು, 1936ರಲ್ಲಿ, ತಮ್ಮದೇ ನಾಟಕವಾದ ‘ಸಂಸಾರ ನೌಕ’ವನ್ನು ಅವರು ವಾಕ್ಚಿತ್ರವನ್ನಾಗಿ ಮಾಡಿದರು. ದೇವಾಸುರರ ಕಥೆಗಳಲ್ಲೇ ಮುಳುಗಿದ್ದ ಕನ್ನಡ ಪರದೆಯ ಮೇಲೆ ಗೃಹಸ್ಥರ ಮನೆಯ ಜಗಳ, ಬಡತನ, ಒಲವುಗಳು ಮೊದಲಾಗಿ ಮಾತಾಡಿದ್ದು ಅದರಲ್ಲಿಯೇ ಎಂದು ಎಣಿಸಲ್ಪಡುತ್ತದೆ. ಮುಂದೆ ತಾವೇ ಹೆಸರಾಂತ ನಿರ್ಮಾಪಕ ನಿರ್ದೇಶಕರಾದ ಬಿ. ಆರ್. ಪಂತುಲು ಅವರೂ, ನಟಿ ಎಂ. ವಿ. ರಾಜಮ್ಮನವರೂ ಅದರಲ್ಲಿ ಪಾತ್ರ ವಹಿಸಿದ್ದರು. 1953ರಲ್ಲಿ ‘ಗುಣಸಾಗರಿ’, 1959ರಲ್ಲಿ ‘ಅಬ್ಬಾ ಆ ಹುಡುಗಿ’. ಬರೆಯುವ ಕೈಯೂ ಆಡಿಸುವ ಕೈಯೂ ಒಂದೇ ಆಗಿದ್ದ ಇಂಥವರು ನಮ್ಮಲ್ಲಿ ಇನ್ನೂ ಇದ್ದರು. ಹುಣಸೂರು ಕೃಷ್ಣಮೂರ್ತಿಗಳು, ಜಿ. ವಿ. ಅಯ್ಯರವರು ಆ ಸಾಲಿನವರೇ.

ಇವರೆಲ್ಲರೂ ನಾಟಕ ಕಂಪನಿಯ ಗರಡಿಯಲ್ಲಿ ಪಳಗಿದವರೆಂಬುದನ್ನು ಇಲ್ಲಿ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಕಂಪನಿಗಳಲ್ಲಿ ನಾಟಕದ ಪೂರ್ಣ ಪ್ರತಿಯು ಮಾಲೀಕನ ಪೆಟ್ಟಿಗೆಯಲ್ಲಿ ಬೀಗದ ಒಳಗೆ ಇರುತ್ತಿತ್ತು. ನಟನಿಗೆ ಅವನ ಪಾತ್ರದ ಮಾತುಗಳನ್ನಷ್ಟೇ ಬರೆದುಕೊಡುವ ರೂಢಿ. ಅಚ್ಚಾಯಿತೆಂದರೆ ಎದುರು ಕಂಪನಿಯವರು ನಾಳೆಯೇ ಆಡಿಬಿಟ್ಟಾರೆಂಬ ಭೀತಿ. ಬರೆಹವೆಂದರೆ ವ್ಯಾಪಾರದ ಗುಟ್ಟು, ಆಟ ಮುಗಿದ ಮೇಲೆ ಬೇಡಾದ ಸರಂಜಾಮು. ಈ ಭಾವನೆಯೇ ಸಿನೆಮಾಕ್ಕೂ ಬಂದಿತು. ಚಿತ್ರೀಕರಣವು ಮುಗಿಯಿತೆಂದರೆ ಚಿತ್ರಕಥೆಯ ವಹಿಯ ಕೆಲಸವೂ ಮುಗಿಯಿತು. ಮೇಲಾಗಿ ಆ ಕಾಲದ ಕನ್ನಡ ಚಿತ್ರಗಳು ಹುಟ್ಟುತ್ತಿದ್ದುದು ಕನ್ನಡ ನಾಡಿನ ಹೊರಗೆ. ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನ’ವನ್ನು ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದು, ವೈ. ವಿ. ರಾವ್ ಅವರು ನಿರ್ದೇಶಿಸಿ, ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಿಸಿ, 1934ನೆಯ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಗೆ ತಂದರು. ಮುಂದೆ ದಶಕಗಳ ಕಾಲ ಮದ್ರಾಸಿನ ಸ್ಟುಡಿಯೋಗಳೇ ನಮಗೆ ಗತಿಯಾಗಿದ್ದವು. ಆ ಸ್ಟುಡಿಯೋಗಳು ಒಂದೊಂದಾಗಿ ಮುಚ್ಚಿದಾಗ ಅವುಗಳ ಮೂಲೆಯಲ್ಲಿದ್ದ ಕನ್ನಡ ಕಾಗದದ ಗಂಟನ್ನು ಎತ್ತಿಕೊಳ್ಳಲು ಬೆಂಗಳೂರಿನಿಂದ ಅಧಿಕಾರಿಯೊಬ್ಬನನ್ನಾದರೂ ಕಳಿಸಬೇಕಾಗಿತ್ತು.

‘ಸತಿ ಸುಲೋಚನ’ದ ಪ್ರತಿಯು ಇಂದು ಉಳಿದಿಲ್ಲ. ಹಳೆಯ ಫಿಲ್ಮು ಬೆಂಕಿಯನ್ನು ತಾನಾಗಿ ಕರೆಯುವ ವಸ್ತು. 2003ರಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ಹಳೆಯ ಫಿಲ್ಮಿನ ಸುರುಳಿಗಳ ದೊಡ್ಡ ರಾಶಿಯೇ ಭಸ್ಮವಾದ ಸಂಗತಿಯನ್ನು ವಾಚಕರು ಮರೆತಿರಲಾರರು. ಅದನ್ನು ಕಾಪಾಡಲು ಶೀತಲ ಕೋಣೆಗಳು ಬೇಕು, ರಾಸಾಯನಿಕಗಳು ಬೇಕು, ಹಣವು ನೀರಿನಂತೆ ಹರಿಯಬೇಕು. ಕಾಗದಕ್ಕೆ ಅಷ್ಟೊಂದು ಪರಿಕರ ಬೇಕಿಲ್ಲ. ಒಣಗಿದ ಕೋಣೆ, ಕಬ್ಬಿಣದ ಕಪಾಟು, ಅಕ್ಷರಜ್ಞಾನವೂ ಶ್ರದ್ಧೆಯೂ ಉಳ್ಳ ಒಬ್ಬ ಗುಮಾಸ್ತ. ಇಷ್ಟು ಅಗ್ಗದ ಕೆಲಸವನ್ನು ಮಾಡದಿರುವದಕ್ಕೆ ಬಡತನವು ಕಾರಣವಾಗಲಾರದು.

ಬಂಗಾಲವನ್ನು ನೋಡಿರಿ. ಸತ್ಯಜಿತ ರಾಯರು ಕಿರಾಣಿ ಅಂಗಡಿಯವರು ಲೆಕ್ಕವಿಡುವ ಕೆಂಪು ಬಟ್ಟೆಯ ರಟ್ಟಿನ ವಹಿಗಳಲ್ಲಿಯೇ ತಮ್ಮ ಚಿತ್ರಗಳ ಕಥೆ, ಉಡುಪು, ಸಂಗೀತ ಎಲ್ಲವನ್ನೂ ಬರೆದಿಡುತ್ತಿದ್ದರು. ಅವರು 1992ರಲ್ಲಿ ತೀರಿಕೊಂಡ ಎರಡು ವರ್ಷಗಳೊಳಗೆ ಕಲಕತ್ತೆಯಲ್ಲಿ ಅವರ ದಫ್ತರವನ್ನು ಸಂರಕ್ಷಿಸುವದಕ್ಕೆಂದೇ ಒಂದು ಸಂಸ್ಥೆಯು ಸ್ಥಾಪಿತವಾಯಿತು. ‘ಪಥೇರ್ ಪಾಂಚಾಲಿ’ಗಾಗಿ ಅವರು ಬಿಡಿಸಿದ ಚಿತ್ರಗಳ ವಹಿಯು ಪ್ಯಾರಿಸ್ಸಿಗೆ ಹೋಗಿತ್ತು, ಅದರ ಪ್ರತಿಬಿಂಬವನ್ನು ತರಿಸಿ 2016ರಲ್ಲಿ ಪುಸ್ತಕವನ್ನಾಗಿ ಹೊರಡಿಸಿದರು. ಆ ಚಿತ್ರದ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಬೆಂಕಿಗೆ ತುತ್ತಾಗಿತ್ತೆಂಬುದನ್ನು ನೆನೆದರೆ, ಉಳಿದ ಕಾಗದದ ಬೆಲೆಯು ತಾನಾಗಿ ತಿಳಿದೀತು.

ನಮ್ಮ ಸೀಮೆಯವರಿಗೆ ಈ ವಿಷಯವು ದೂರದ್ದೆಂದು ತೋರಬಹುದು. ಕಾರವಾರದಿಂದ ಜೋಯಿಡಾಕ್ಕೆ ಏರುವ ಘಟ್ಟದಲ್ಲಿ ಅಣಶಿಯಂಥ ಕಾಡೂರಿನಲ್ಲಿ ಸಿನೆಮಾದ ಮಾತೇಕೆ ಎಂದು ಕೆಲವರು ಮೂಗು ಮುರಿದಾರು. ಆದರೆ ಕಾಗದವೆಂದರೇನೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? 1955ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾಗದದ ಗಿರಣಿಯು ಈ ಅಡವಿಗಳ ಬಿದಿರನ್ನು ಅರೆದು ನಾಡಿಗೆಲ್ಲ ಕಾಗದವನ್ನು ಒದಗಿಸಿತು. ಇತ್ತ ಅಣಶಿಯ ಮಳೆಗಾಲದಲ್ಲಿ ಅದೇ ಕಾಗದವು ಹೇಗೆ ಬೂಸಲು ಹಿಡಿಯುವದು, ಗೋಡೆಯ ಬದಿಯ ಪೆಟ್ಟಿಗೆಯೊಳಕ್ಕೆ ಗೆದ್ದಲು ಎಷ್ಟು ಬೇಗ ದಾರಿ ಮಾಡುವದು ಎಂಬುದು ಇಲ್ಲಿಯ ಪ್ರತಿಯೊಬ್ಬ ಶಾನಭೋಗರ ಮನೆತನಕ್ಕೂ ಗೊತ್ತು. ಎರಡು ಮಳೆಗಾಲಗಳ ಅಲಕ್ಷ್ಯ ಸಾಕು.

ಕಂಪನಿ ನಾಟಕದ ಧಾಟಿಯ ಸಂಭಾಷಣೆಗಳು ಸಾಹಿತ್ಯವೇ, ಅವನ್ನು ಕಾಯ್ದಿಡಬೇಕೇ ಎಂದು ವಿದ್ವಾಂಸರು ಕೇಳುವರು. ಸಾಹಿತ್ಯವೋ ಅಲ್ಲವೋ, ಅದು ಬೇರೆ ಮಾತು. 1936ರಲ್ಲಿ ಈ ಊರು ಮುಂಬಯಿ ಇಲಾಖೆಯಲ್ಲಿತ್ತು. ಕನ್ನಡಿಗರು ಮೈಸೂರು, ಹೈದರಾಬಾದು, ಮದ್ರಾಸು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ನಾಡು ಒಂದಾದದ್ದು 1956ರ ನವೆಂಬರ್ 1ಕ್ಕೆ. ಅದಕ್ಕೂ ಮುಂಚೆ ಬೆಂಗಳೂರಿನವನಿಗೂ ಹುಬ್ಬಳ್ಳಿಯವನಿಗೂ ರಾಯಚೂರಿನವನಿಗೂ ಒಂದೇ ಸಲಕ್ಕೆ ತಿಳಿಯಬೇಕಾದ ಕನ್ನಡವನ್ನು ಈ ಚಿತ್ರಕಥೆಗಾರರು ವ್ಯವಹಾರದ ನಿರ್ಬಂಧದಿಂದಲೇ ಹುಡುಕಬೇಕಾಗಿತ್ತು. ಯಾವ ಶಬ್ದವನ್ನು ಬರೆದರು, ಯಾವುದನ್ನು ಹೊಡೆದುಹಾಕಿದರು, ಪರಿನಿರೀಕ್ಷಣ ಮಂಡಳಿಯವರು ಯಾವ ಸಾಲಿಗೆ ಕತ್ತರಿ ಹಾಕಿದರು, ಸಂಭಾಷಣೆ ಬರೆದವನಿಗೆ ಎಷ್ಟು ರೂಪಾಯಿ ಮುಟ್ಟಿತು, ಇವು ಪರದೆಯ ಮೇಲೆ ಕಾಣತಕ್ಕ ಸಂಗತಿಗಳಲ್ಲ. ಗೀಚು ಗೀಚಿದ ಕರಡಿನಲ್ಲಿಯೇ ಅವನ್ನು ಓದಬೇಕು. ಕಥೆಯು ಯಾರದೆಂಬ ವಿವಾದವೆದ್ದರೂ ತೀರ್ಮಾನಕ್ಕೆ ಅದೇ ಆಧಾರ.

ಸರಕಾರದ ಕೈಯಲ್ಲಿ ಉಪಾಯಗಳು ಇಲ್ಲದಿಲ್ಲ. 1939ರಲ್ಲಿ ಪರಕೀಯರ ಆಳಿಕೆಯಲ್ಲಿಯೇ ಮುಂಬಯಿ ಸರಕಾರವು ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆದು ಓಲೆಗರಿಗಳನ್ನು ಕೂಡಿಸಿತು. ಸ್ವಂತ ಸರಕಾರವು ಅದಕ್ಕಿಂತ ಹಿಂದೆ ಬೀಳಬಾರದು. 2009ರಲ್ಲಿ ಚಲನಚಿತ್ರ ಅಕಾಡೆಮಿಯನ್ನು ಸ್ಥಾಪಿಸಲಾಗಿದೆ. ಪುಟ್ಟಣ್ಣ ಕಣಗಾಲರ ಹೆಸರಿನಲ್ಲಿ ಪ್ರಶಸ್ತಿಯನ್ನು ಕೊಡಲಾಗುತ್ತಿದೆ. ಉತ್ಸವಗಳಿಗೆ ಕೊರತೆಯಿಲ್ಲ, ಶಾಲು ಹಾರಗಳಿಗಂತೂ ಇಲ್ಲವೇ ಇಲ್ಲ. ಕನ್ನಡ ಚಿತ್ರಗಳಿಗೆ ಬೊಕ್ಕಸದಿಂದ ಸಹಾಯಧನ ಸಲ್ಲುತ್ತ ಬಂದು ದಶಕಗಳೇ ಸಂದವು. ಆ ಸಹಾಯಧನವನ್ನು ಪಡೆಯುವ ಪ್ರತಿಯೊಬ್ಬ ನಿರ್ಮಾಪಕನೂ ಚಿತ್ರಕಥೆಯ ಒಂದು ಪ್ರತಿಯನ್ನೂ ಚಿತ್ರೀಕರಣದ ದಾಖಲೆಗಳನ್ನೂ ರಾಜ್ಯ ಪತ್ರಾಗಾರಕ್ಕೆ ಒಪ್ಪಿಸತಕ್ಕದ್ದೆಂದು ಒಂದು ಸಾಲನ್ನು ನಿಯಮಕ್ಕೆ ಸೇರಿಸಿದರೆ ಖರ್ಚೇನು ಬಂದೀತು? ಇದು ಮುಂದಿನ ಚಿತ್ರಗಳ ಮಾತಾಯಿತು. ಹಿಂದಿನವುಗಳಿಗೆ ಮನುಷ್ಯನನ್ನೇ ಕಳಿಸಬೇಕು. ಮೈಸೂರು, ಬೆಂಗಳೂರು, ಚೆನ್ನೈಗಳಲ್ಲಿರುವ ಹಳೆಯ ಕುಟುಂಬಗಳ ಬಾಗಿಲಿಗೆ ಹೋಗಿ, ಮೂಲವನ್ನು ಕೊಟ್ಟರೆ ರಸೀದಿ ಕೊಟ್ಟು, ಕೊಡಲೊಪ್ಪದಿದ್ದರೆ ಪ್ರತಿಬಿಂಬವನ್ನಾದರೂ ತೆಗೆದುಕೊಂಡು ಬರಬೇಕು. ನಿವೃತ್ತ ಅಧ್ಯಾಪಕರಿಬ್ಬರಿಗೆ ಪ್ರವಾಸದ ಭತ್ತೆಯನ್ನು ಮಂಜೂರು ಮಾಡಿದರೂ ಕಾರ್ಯಾರಂಭವಾದೀತು.

ನಿರ್ಣಯವಾಗುವವರೆಗೆ ವಾಚಕರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಕಂಪನಿಯಲ್ಲಿಯೋ ಸಿನೆಮಾದಲ್ಲಿಯೋ ದುಡಿದ ಹಿರಿಯರ ವಹಿಗಳು, ಹಾಡಿನ ಪುಸ್ತಕಗಳು, ಪತ್ರಗಳು ಯಾರ ಅಟ್ಟದ ಮೇಲಾದರೂ ಇದ್ದರೆ ಅವನ್ನು ರದ್ದಿಯವನ ತಕ್ಕಡಿಗೆ ಹಾಕಬೇಡಿರಿ. ನೆಲದಿಂದ ಎತ್ತರಿಸಿ, ಗೋಡೆಗೆ ತಾಗದಂತೆ ಇಟ್ಟು, ಏನೇನಿದೆಯೆಂಬ ಪಟ್ಟಿಯನ್ನು ಮಾಡಿರಿ. 1964ರಿಂದ ಪುಣೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೂ ಬೆಂಗಳೂರಿನ ಅಕಾಡೆಮಿಗೂ ಆ ಪಟ್ಟಿಯ ಒಂದೊಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿರಿ. ಬೇಡವೆಂದು ಬರೆದರೆ ಆ ಉತ್ತರವನ್ನು ನಮಗೆ ಕಳಿಸಿಕೊಡಿರಿ. ಬರೆದ ಅಧಿಕಾರಿಯ ಹುದ್ದೆಯ ಸಹಿತ ಇದೇ ಪುಟದಲ್ಲಿ ಅಚ್ಚು ಹಾಕುವೆವು.