ಮುಂಗಾರಿಗೆ ಮುನ್ನ ಮೇನ್ ಬೋರ್ಡಿನ ಲೆಕ್ಕ

ಮಲೆನಾಡಿನ ಹಳೆಯ ಮನೆಗಳ ಜಗಲಿಯ ಮೂಲೆಯಲ್ಲಿ ಮರದ ಹಲಗೆಯೊಂದರ ಮೇಲೆ ಕಬ್ಬಿಣದ ಮೇನ್ ಸ್ವಿಚ್ಚು, ಪಿಂಗಾಣಿಯ ಎರಡು ಫ್ಯೂಸುಗಳು ಇಂದಿಗೂ ಕಾಣಸಿಗುತ್ತವೆ. ಮನೆಗೆ ಮೊದಲ ಬಾರಿಗೆ ಕರೆಂಟು ಬಂದ ದಿನ ಕೂರಿಸಿದ ಬೋರ್ಡು ಅದು. ಅಂದು ಆ ಬೋರ್ಡು ಹೊರಬೇಕಾಗಿದ್ದುದು ನಾಲ್ಕಾರು ಬಲ್ಬುಗಳನ್ನು ಮತ್ತು ಒಂದು ರೇಡಿಯೋವನ್ನು ಮಾತ್ರ. ಇಂದು ಅದೇ ಹಲಗೆ, ಅದೇ ತಂತಿ ಫ್ರಿಜ್ಜು, ಮಿಕ್ಸಿ, ಗ್ರೈಂಡರು, ಪಂಪು, ಇಸ್ತ್ರಿಪೆಟ್ಟಿಗೆ, ಗೀಸರು ಮತ್ತು ಇಂಡಕ್ಷನ್ ಒಲೆಗಳನ್ನು ಹೊರುತ್ತಿದೆ. ಮಾಡಿಗೆ ಹೆಂಚು ಬದಲಾಯಿಸಿದವರು, ನೆಲಕ್ಕೆ ಟೈಲ್ಸ್ ಹಾಕಿಸಿದವರು, ಗೋಡೆಗೆ ಬಣ್ಣ ಬಳಿಸಿದವರು ಕೂಡ ಈ ಮೂಲೆಯತ್ತ ಕಣ್ಣು ಹಾಯಿಸುವುದು ಕಡಿಮೆ. ದೀಪ ಉರಿಯುತ್ತಿರುವ ತನಕ ಬೋರ್ಡು ಸರಿಯಾಗಿದೆ ಎಂಬ ನಂಬಿಕೆ ಎಲ್ಲ ಮನೆಗಳಲ್ಲೂ ಇದೆ. ಈ ನಂಬಿಕೆ ಸುಳ್ಳಾಗುವುದು ಸಾಮಾನ್ಯವಾಗಿ ಆಷಾಢದ ಮಳೆಯಲ್ಲಿ. ಆಗ ತೆರಬೇಕಾದ ಬೆಲೆ ಕೆಲವೊಮ್ಮೆ ಒಂದು ಜೀವ.

ಫ್ಯೂಸು ಇರುವುದು ತಂತಿಯ ರಕ್ಷಣೆಗಾಗಿ. ತಂತಿ ತಾಳಬಲ್ಲದಕ್ಕಿಂತ ಹೆಚ್ಚು ಕರೆಂಟು ಹರಿದಾಗ ತಾನು ಕರಗಿ ತಂತಿಯನ್ನು ಉಳಿಸುವುದು ಅದರ ಕೆಲಸ. ಪದೇ ಪದೇ ಫ್ಯೂಸು ಹೋಗುತ್ತದೆಂದು ಬೇಸತ್ತು ದಪ್ಪನೆಯ ತಾಮ್ರದ ಎಳೆಗಳನ್ನು ಸುತ್ತಿ ಕೂರಿಸಿದರೆ ಫ್ಯೂಸು ಉಳಿಯುತ್ತದೆ, ಆದರೆ ಅಟ್ಟದ ಮೇಲೆ ಹಾದುಹೋದ ಹಳೆಯ ತಂತಿ ಕಾಯತೊಡಗುತ್ತದೆ. ಒಣಗಿದ ಮರ, ಕರಡ, ಅಡಿಕೆ ಚೀಲಗಳಿರುವ ಅಟ್ಟದಲ್ಲಿ ಕಾದ ತಂತಿ ಎಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಹೊಸ ಕಾಲದ ಎಂ.ಸಿ.ಬಿ.ಯ ವಿಷಯದಲ್ಲಿಯೂ ಇದೇ ತಪ್ಪು ನಡೆಯುತ್ತಿದೆ. 16 ಆಂಪಿಯರಿನ ಎಂ.ಸಿ.ಬಿ. ಬೀಳುತ್ತದೆಂದು ತಂತಿಯನ್ನು ಬದಲಿಸದೆ 32 ಆಂಪಿಯರಿನದನ್ನು ಹಾಕಿಸುವುದು ದಪ್ಪ ಎಳೆ ಸುತ್ತಿದ್ದಕ್ಕೆ ಸಮಾನ.

ಇನ್ನೂ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಎಂ.ಸಿ.ಬಿ. ಇದ್ದರೆ ಶಾಕ್ ಹೊಡೆಯುವುದಿಲ್ಲ ಎಂಬುದೇ ಅದು. ಮನುಷ್ಯನ ಎದೆಬಡಿತವನ್ನು ಹದಗೆಡಿಸಲು ಆಂಪಿಯರಿನ ಒಂದು ಸಣ್ಣ ಅಂಶ ಸಾಕು. ಅಷ್ಟು ಅಲ್ಪ ಕರೆಂಟಿಗೆ ಎಂ.ಸಿ.ಬಿ. ಕದಲುವುದೇ ಇಲ್ಲ. ಅದಕ್ಕಾಗಿ ಬೇರೆಯೇ ಸಾಧನವಿದೆ. ಆರ್.ಸಿ.ಸಿ.ಬಿ. ಎಂದು ಕರೆಯುವ ಆ ಸಾಧನ ಮನೆಯೊಳಗೆ ಹೋದ ಕರೆಂಟು ಮತ್ತು ಮರಳಿ ಬಂದ ಕರೆಂಟು ಸಮನಾಗಿವೆಯೇ ಎಂದು ಸದಾ ತೂಗುತ್ತಿರುತ್ತದೆ. ವ್ಯತ್ಯಾಸ ಬಂದರೆ, ಅಂದರೆ ಕರೆಂಟು ಒದ್ದೆ ಗೋಡೆಯ ಮೂಲಕವೋ ಮನುಷ್ಯನ ಮೈಯ ಮೂಲಕವೋ ನೆಲಕ್ಕೆ ಸೋರಿದರೆ, ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಮನೆಬಳಕೆಗೆ 30 ಮಿಲಿಆಂಪಿಯರಿನದ್ದು ಬೇಕು. ಬಚ್ಚಲಿನಲ್ಲಿ, ಅಂಗಳದ ಪಂಪಿನ ಬಳಿ, ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯಲ್ಲಿ ಆಗುವ ಸಾವುಗಳಲ್ಲಿ ಬಹಳಷ್ಟನ್ನು ತಡೆಯಬಲ್ಲದ್ದು ಈ ಅಂಗೈಯಗಲದ ಪೆಟ್ಟಿಗೆ.

ಆದುದರಿಂದ ಬೋರ್ಡು ಬದಲಿಸಲು ಹೊರಟ ಮನೆಯವರು ಖರ್ಚಿನ ಪಟ್ಟಿಯನ್ನು ಯಾವ ಕ್ರಮದಲ್ಲಿ ಬರೆಯಬೇಕು ಎಂಬುದು ಮುಖ್ಯ ಪ್ರಶ್ನೆಯಾಗುತ್ತದೆ. ಸಾಮಾನ್ಯವಾಗಿ ಪಟ್ಟಿ ಶುರುವಾಗುವುದು ಹೊಳೆಯುವ ಸ್ವಿಚ್ಚುಗಳಿಂದ. ಶುರುವಾಗಬೇಕಾದುದು ಮಣ್ಣಿನಿಂದ, ಅಂದರೆ ಅರ್ಥಿಂಗ್‌ನಿಂದ. ಜಂಬಿಟ್ಟಿಗೆಯ ನೆಲದಲ್ಲಿ ಬೇಸಿಗೆ ಬಂತೆಂದರೆ ಮಣ್ಣು ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಹಳೆಯ ಮನೆಗಳಲ್ಲಿ ಅರ್ಥ್ ತಂತಿ ತುಕ್ಕು ಹಿಡಿದು ಎಂದೋ ತುಂಡಾಗಿರುವುದೂ ಉಂಟು. ತೇವ ಉಳಿಯುವ ಜಾಗದಲ್ಲಿ ಗುಂಡಿ ತೋಡಿ ಹೊಸ ಅರ್ಥಿಂಗ್ ಮಾಡಿಸುವುದು ಪಟ್ಟಿಯ ಮೊದಲ ಸಾಲಾಗಲಿ. ಎರಡನೆಯ ಸಾಲಿನಲ್ಲಿ ಆರ್.ಸಿ.ಸಿ.ಬಿ. ಇರಲಿ. ಮೂರನೆಯದು ಡಿ.ಬಿ. ಪೆಟ್ಟಿಗೆ ಮತ್ತು ಪ್ರತಿ ದಾರಿಗೂ ಒಂದರಂತೆ ಎಂ.ಸಿ.ಬಿ.ಗಳು. ನಾಲ್ಕನೆಯದು ತಂತಿ: ದೀಪ, ಫ್ಯಾನುಗಳಿಗೆ 1.5 ಚದರ ಮಿ.ಮೀ., 16 ಆಂಪಿಯರಿನ ಪಾಯಿಂಟುಗಳಿಗೆ 2.5, ಗೀಸರಿನಂಥ ದೊಡ್ಡ ಹೊರೆಗೆ 4. ಐದನೆಯದು ಕೂಲಿ. ಸ್ವಿಚ್ಚುಗಳ ಅಂದಚೆಂದ ಕೊನೆಯಲ್ಲಿ ಬರಲಿ.

ಕಂಪನಿ, ಊರು, ಕಾಲಕ್ಕೆ ತಕ್ಕಂತೆ ದರ ಏರಿಳಿಯುತ್ತದೆ. ತಾಮ್ರದ ಬೆಲೆಯಂತೂ ಅಡಿಕೆಯ ಧಾರಣೆಯ ಹಾಗೆ ನಿಂತಲ್ಲಿ ನಿಲ್ಲುವುದಿಲ್ಲ. ಆದರೂ ಅಂದಾಜಿಗೆ ಹೇಳುವುದಾದರೆ, ಅರ್ಥಿಂಗ್‌ಗೆ 3,000ದಿಂದ 6,000 ರೂಪಾಯಿ, ಒಂದು ಆರ್.ಸಿ.ಸಿ.ಬಿ.ಗೆ 1,500ರಿಂದ 3,000, ಎಂಟು ದಾರಿಯ ಪೆಟ್ಟಿಗೆಗೆ 1,000ದಿಂದ 2,000, ಎಂ.ಸಿ.ಬಿ. ಒಂದಕ್ಕೆ 150ರಿಂದ 300 ರೂಪಾಯಿ ಹಿಡಿಯಬಹುದು. ಕೂಲಿಯೂ ಸೇರಿದರೆ, ಮನೆಯೊಳಗಿನ ತಂತಿಯನ್ನು ಮುಟ್ಟದೆ ಬೋರ್ಡು ಮತ್ತು ಅರ್ಥಿಂಗ್‌ನ ಕೆಲಸ ಹತ್ತರಿಂದ ಹದಿನೈದು ಸಾವಿರದ ಆಸುಪಾಸಿನಲ್ಲಿ ಮುಗಿಯಬಹುದು. ಇಡೀ ಮನೆಯ ತಂತಿ ಬದಲಿಸುವುದಾದರೆ ಲೆಕ್ಕ ಬಹುಪಟ್ಟು ಬೆಳೆಯುತ್ತದೆ. ಮಣ್ಣಿನ ಗೋಡೆಯ ಮನೆಗಳಲ್ಲಿ ಹಲಗೆ ತೆಗೆದ ಮೇಲೆಯೇ ಒಳಗಿನ ಗೆದ್ದಲು, ಇಲಿ ಕಡಿದ ತಂತಿ ಕಣ್ಣಿಗೆ ಬೀಳುವುದರಿಂದ ಒಟ್ಟು ಮೊತ್ತದ ಆರರಲ್ಲಿ ಒಂದು ಪಾಲನ್ನಾದರೂ ಕೈಕಾವಲಿಗೆ ಇಟ್ಟುಕೊಳ್ಳುವುದು ವಿವೇಕ. ಒಮ್ಮೆಗೇ ಹಣ ಹೊಂದದಿದ್ದರೆ ಈ ವರ್ಷ ಅರ್ಥಿಂಗ್ ಮತ್ತು ಆರ್.ಸಿ.ಸಿ.ಬಿ., ಮುಂದಿನ ವರ್ಷ ಪೆಟ್ಟಿಗೆ, ಆಮೇಲೆ ತಂತಿ ಎಂದು ಹಂತ ಹಂತವಾಗಿ ಮಾಡಿಸಬಹುದು. ಆದರೆ ಕ್ರಮ ತಲೆಕೆಳಗಾಗಬಾರದು.

ಖರ್ಚಿನ ಪಟ್ಟಿಗೂ ಮುಂಚೆ ಬರೆಯಬೇಕಾದ ಇನ್ನೊಂದು ಪಟ್ಟಿಯಿದೆ. ಅದು ಹೊರೆಯ ಪಟ್ಟಿ. ಒಂದು ಬೆಳಗಿನ ಹೊತ್ತನ್ನು ತೆಗೆದುಕೊಳ್ಳಿ. ಗೀಸರು 2,000 ವ್ಯಾಟ್, ಇಂಡಕ್ಷನ್ ಒಲೆ 2,000, ಒಂದು ಅಶ್ವಶಕ್ತಿಯ ಪಂಪು ಸುಮಾರು 1,000, ಮಿಕ್ಸಿ 500, ಫ್ರಿಜ್ಜು 150, ದೀಪ ಫ್ಯಾನುಗಳು 250. ಎಲ್ಲವೂ ಒಟ್ಟಿಗೆ ನಡೆದರೆ 5,900 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 26 ಆಂಪಿಯರ್. ಹಳೆಯ ಬೋರ್ಡು ಇದನ್ನು ಹೊರಲಾರದು. ಮಂಜೂರಾದ ಹೊರೆಯನ್ನೂ ಹೆಚ್ಚಿಸಿಕೊಳ್ಳಬೇಕಾದೀತು. ಅದೇ ಮನೆಯಲ್ಲಿ ಸ್ನಾನದ ನೀರು ಮಾತ್ರ ವಿದ್ಯುತ್ತಿಲ್ಲದೆ ಕಾದರೆ ಹೊರೆ 3,900 ವ್ಯಾಟಿಗೆ, ಅಂದರೆ 17 ಆಂಪಿಯರಿಗೆ ಇಳಿಯುತ್ತದೆ. ನೀರು ಕಾದ ಮೇಲೆ ಪಂಪು ಹಾಕುವ ಅಭ್ಯಾಸ ಮಾಡಿಕೊಂಡರೆ ಇನ್ನೂ ಇಳಿಯುತ್ತದೆ. ದೊಡ್ಡ ಬೋರ್ಡಿಗೆ ಹಣ ಹೊಂದಿಸುವ ಮೊದಲು ಸಣ್ಣ ಬೋರ್ಡು ಸಾಕಾಗುವಂತೆ ಬದುಕಲು ಸಾಧ್ಯವೇ ಎಂದು ಯೋಚಿಸುವುದು ಜಿಪುಣತನವಲ್ಲ.

ಮಲೆನಾಡಿಗೆ ಈ ದಾರಿ ಹೊಸದೂ ಅಲ್ಲ. ಬಚ್ಚಲೊಲೆಯ ಹಂಡೆಯಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಉರಿಸಿ ನೀರು ಕಾಯಿಸಿದ ನಾಡು ಇದು. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಕಡಿಮೆ ಸೌದೆ, ಕಡಿಮೆ ಹೊಗೆಯ ಮಾರ್ಗವನ್ನು ತೋರಿತು. ಗೋಬರ್ ಗ್ಯಾಸು ಅನೇಕ ಮನೆಗಳ ಅಡುಗೆಮನೆ ಬೆಳಗಿತು. ಬಿಸಿಲು ಬೀಳುವ ಮಾಡಿದ್ದರೆ ಸೋಲಾರ್ ನೀರಿನ ಹೀಟರು ವರ್ಷದ ಬಹುಭಾಗ ನಡೆಯುತ್ತದೆ. ಹೊಗೆ ತುಂಬಿದ ಬಚ್ಚಲಿಗೆ, ಸೌದೆಯ ಹೊರೆಗೆ ಹೆಣ್ಣುಮಕ್ಕಳನ್ನು ಮರಳಿ ದೂಡಬೇಕೆಂಬುದು ಇದರ ಅರ್ಥವಲ್ಲ. ಯಾವ ಕೆಲಸಕ್ಕೆ ಯಾವ ಶಕ್ತಿ ತಕ್ಕದ್ದು ಎಂದು ಮನೆಯವರೆಲ್ಲ, ಅದರಲ್ಲೂ ಅಡುಗೆಮನೆ ನಡೆಸುವವರು, ಕುಳಿತು ನಿರ್ಧರಿಸಲಿ ಎಂಬುದಷ್ಟೇ ಆಶಯ.

ಏಕೆಂದರೆ ಬೋರ್ಡಿನ ಇನ್ನೊಂದು ತುದಿಯಲ್ಲಿ ನದಿಯಿದೆ. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟಿದ ಅಣೆಕಟ್ಟು ನಾಡಿಗೆ ಬೆಳಕು ಕೊಟ್ಟಿತು, ಕಣಿವೆಯ ಊರುಗಳನ್ನು ಮುಳುಗಿಸಿತು. ಮುಳುಗಡೆಯಾದವರ ಅನೇಕ ಮನೆಗಳು ಆಮೇಲೆಯೂ ಬಹುಕಾಲ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಉಳಿದದ್ದು ಮಲೆನಾಡು ಮರೆಯಲಾಗದ ವಿಪರ್ಯಾಸ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಕಾಡಿನಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಟ್ಟವರು ಅದಕ್ಕೆ ಕೊಟ್ಟ ಮುಖ್ಯ ಕಾರಣ, ಬೇಡಿಕೆ ಶಿಖರಕ್ಕೇರುವ ಕೆಲವು ಗಂಟೆಗಳಿಗೆ ವಿದ್ಯುತ್ ಬೇಕು ಎಂಬುದು. ಆ ಶಿಖರವನ್ನು ಕಟ್ಟುವುದರಲ್ಲಿ ನಗರದ ಪಾಲು ದೊಡ್ಡದು, ಹಳ್ಳಿಯ ಪಾಲು ಸಣ್ಣದು ಎಂಬುದು ನಿಜ. ಆದರೆ ಆ ಯೋಜನೆ ಬೇಡವೆನ್ನುವವರ ಜಗಲಿಯಲ್ಲಿ ಹೊರೆಯ ಪಟ್ಟಿಯೊಂದು ತೂಗಾಡುತ್ತಿದ್ದರೆ ಅವರ ಮಾತಿನ ತೂಕ ಹೆಚ್ಚುತ್ತದೆ.

ಪುಕ್ಕಟೆ ವಿದ್ಯುತ್ತಿನ ಬಗೆಗೂ ಒಂದು ಮಾತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಬಡವರ ಮನೆಗೆ ನಿಜವಾದ ನೆರವಾಯಿತು. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ತಂತಿಯ ತಾಕತ್ತು ಹೆಚ್ಚುವುದಿಲ್ಲ. ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ ಎಂಬುದನ್ನೂ ಗೀಸರು ಕೊಳ್ಳುವವರು ನೆನಪಿನಲ್ಲಿಡಬೇಕು. ಹಾಗೆಯೇ ಬಿಲ್ಲಿನಿಂದ ಉಳಿದ ಹಣದಲ್ಲಿ ತಿಂಗಳಿಗೆ ಇನ್ನೂರು ಮುನ್ನೂರು ಎತ್ತಿಟ್ಟರೆ ಒಂದೇ ವರ್ಷದಲ್ಲಿ ಆರ್.ಸಿ.ಸಿ.ಬಿ.ಯ ಬೆಲೆ ಕೈಸೇರುತ್ತದೆ.

ಇನ್ವರ್ಟರು, ಜನರೇಟರು, ಹಳ್ಳದ ನೀರಿನ ಕಿರು ಜಲವಿದ್ಯುತ್ ಯಂತ್ರ ಇರುವ ಮನೆಗಳು ಬೋರ್ಡಿನ ಲೆಕ್ಕದಲ್ಲಿ ಚೇಂಜ್‌ಓವರ್ ಸ್ವಿಚ್ಚನ್ನು ತಪ್ಪದೆ ಸೇರಿಸಬೇಕು. ಅದಿಲ್ಲದಿದ್ದರೆ ಮನೆಯ ಕರೆಂಟು ಹಿಂದಕ್ಕೆ ಹರಿದು ಕಂಬ ಏರಿದ ಲೈನ್‌ಮನ್ನನ ಪ್ರಾಣಕ್ಕೆ ಎರವಾಗಬಹುದು. ಲೈನು ಸತ್ತಿದೆ ಎಂದು ನಂಬಿ ಸುರಿವ ಮಳೆಯಲ್ಲಿ ಮರದ ಕೊಂಬೆ ತೆಗೆಯುತ್ತಿರುವವನೂ ಯಾರದೋ ಮನೆಯ ಮಗನೇ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಟಿ.ವಿ., ಫ್ರಿಜ್ಜು ಕಳೆದುಕೊಂಡವರು ಎಸ್.ಪಿ.ಡಿ. ಎಂಬ ಸಾಧನ ಹಾಕಿಸಬಹುದು. ಆದರೆ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದು ನಿಷ್ಪ್ರಯೋಜಕ.

ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಮೀಟರಿನ ಸೀಲು ಮುಟ್ಟುವ ಅಧಿಕಾರ ಮನೆಯವರಿಗೂ ಇಲ್ಲ, ಗುತ್ತಿಗೆದಾರರಿಗೂ ಇಲ್ಲ. ಅದಕ್ಕೆ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಬೇಕು. ಮಂಜೂರಾದ ಹೊರೆ ಎಷ್ಟೆಂಬುದು ಪ್ರತಿ ತಿಂಗಳ ಬಿಲ್ಲಿನಲ್ಲಿಯೇ ಮುದ್ರಿತವಾಗಿರುತ್ತದೆ. ಕೆಲಸ ಮುಗಿದ ಮೇಲೆ ಆರ್.ಸಿ.ಸಿ.ಬಿ.ಯ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡುವ ಅಭ್ಯಾಸ ಬೆಳೆಯಬೇಕು. ಮಳೆಗಾಲದಲ್ಲಿ ಅದು ಪದೇ ಪದೇ ಬೀಳುತ್ತದೆಂದು ಕಿತ್ತೆಸೆದವರ ಉದಾಹರಣೆಗಳು ಎಲ್ಲ ಊರುಗಳಲ್ಲಿಯೂ ಇವೆ. ಬೀಳುತ್ತಿದೆ ಎಂದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗವನ್ನು ಹುಡುಕಿಸಬೇಕೇ ಹೊರತು ಕಾವಲುಗಾರನನ್ನು ಮನೆಗೆ ಕಳಿಸಬಾರದು. ಬಚ್ಚಲು, ಅಂಗಳದ ಪಾಯಿಂಟುಗಳಿಗೆ ಬೇರೆಯದೇ ಆರ್.ಸಿ.ಸಿ.ಬಿ. ಕೊಟ್ಟರೆ ಹೊರಗಿನ ಸೋರಿಕೆಗೆ ಇಡೀ ಮನೆ ಕತ್ತಲಾಗುವುದು ತಪ್ಪುತ್ತದೆ.

ಕೊನೆಯದಾಗಿ, ತೋಟದ ಒಡೆಯನ ಮನೆಯ ಬೋರ್ಡು ಹೊಸದಾಗಿ, ತೋಟದ ಅಂಚಿನ ಕೆಲಸದವರ ಬಿಡಾರಕ್ಕೆ ಅಲ್ಲಿಂದಲೇ ಎಳೆದ ತೆಳು ತಂತಿ ಅಡಿಕೆ ಮರದಿಂದ ಮರಕ್ಕೆ ಜೋತಾಡುತ್ತಿದ್ದರೆ ಆ ಲೆಕ್ಕ ಪೂರ್ಣವಾಗಲಿಲ್ಲ. ಒಂದು ದೀಪದ ಮನೆಗೂ ಒಂದು ಅರ್ಥಿಂಗ್, ಒಂದು ಆರ್.ಸಿ.ಸಿ.ಬಿ. ಬೇಕು. ಕೇರಿಯ ಐದಾರು ಮನೆಗಳು ಒಟ್ಟಾಗಿ ಒಬ್ಬನೇ ಗುತ್ತಿಗೆದಾರನನ್ನು ಕರೆಸಿದರೆ, ಸಾಮಾನನ್ನು ಒಟ್ಟಿಗೆ ತರಿಸಿದರೆ, ಓಡಾಟದ ಖರ್ಚು ಹಂಚಿಹೋಗಿ ಇಂಥ ಬಿಡಾರದ ಪಾಲೂ ಅದರಲ್ಲಿಯೇ ಹೊಂದೀತು. ಹೈಸ್ಕೂಲು, ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಮನೆಗಳ ಹೊರೆಯ ಪಟ್ಟಿ ಬರೆದುಕೊಡುವ ಕೆಲಸ ಕೈಗೆತ್ತಿಕೊಳ್ಳಬಹುದು. ವ್ಯಾಟನ್ನು ವೋಲ್ಟಿನಿಂದ ಭಾಗಿಸುವುದು ಅವರು ಶಾಲೆಯಲ್ಲಿ ಕಲಿತ ಲೆಕ್ಕವೇ. ಬೋರ್ಡು ಬಿಚ್ಚುವ ಕೆಲಸ ಮಾತ್ರ ಅವರದಲ್ಲ.

ಅಡಿಕೆ ಮಾರಿದ ಹಣ ಕೈಯಲ್ಲಿರುವ, ನೆಲ ಇನ್ನೂ ಒಣಗಿರುವ ದಿನಗಳೇ ಈ ಕೆಲಸಕ್ಕೆ ಸಕಾಲ. ಅರ್ಥಿಂಗ್‌ನ ಸತ್ಯಪರೀಕ್ಷೆ ನಡೆಯುವುದೂ ಆಗಲೇ. ಬೇಸಿಗೆಯ ಒಣಮಣ್ಣಿನಲ್ಲಿ ಗೆದ್ದ ಅರ್ಥಿಂಗ್ ಮಳೆಗಾಲದಲ್ಲಿ ಸೋಲುವುದಿಲ್ಲ. ಮುಂಗಾರಿನ ಮೊದಲ ಗುಡುಗು ಕೇಳುವ ಹೊತ್ತಿಗೆ ಮಲೆನಾಡಿನ ಪ್ರತಿ ಜಗಲಿಯ ಆ ಮೂಲೆಯನ್ನು ಒಬ್ಬರಾದರೂ ಟಾರ್ಚು ಹಿಡಿದು ನೋಡಿರಲಿ.