ಹೆಸರು ಬದಲಿಸಿದವರು ಯಾರು, ಗುರುತು ಕೇಳುವವರು ಯಾರು?

ಬ್ಯಾಂಕುಗಳ ಕುರಿತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಬ್ಯಾಂಕುಗಳಲ್ಲಿಯೇ ಅಧಿಕಾರಿಗಳಾಗಿ, ಗುಮಾಸ್ತರಾಗಿ ದುಡಿಯುತ್ತಿದ್ದಾರೆ. ಅವರ ಮನಸ್ಸಿಗೆ ನೋವಾದೀತೆಂದು ಮುಂದೂಡುತ್ತ ಬಂದೆ. ಆದರೆ ಮಳಖೇಡದಂತಹ ಊರಿನಲ್ಲಿ ನಿವೃತ್ತ ಶಿಕ್ಷಕನ ಮನೆಯ ಕಟ್ಟೆಯೆಂದರೆ ಅರ್ಜಿ ಬರೆಸುವವರ ಕಟ್ಟೆಯೂ ಹೌದು. ಮೊದಲು ರೇಷನ್ ಕಾರ್ಡಿಗೆ, ಪಹಣಿಗೆ ಅರ್ಜಿ ಬರೆಸಲು ಬರುತ್ತಿದ್ದರು. ಈಗ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಬ್ಯಾಂಕಿನ ಪಾಸ್‌ಬುಕ್. ಅವರು ಕೇಳುವ ಪ್ರಶ್ನೆಗಳೂ ಎರಡೇ. “ಸರ್, ನನ್ನ ಖಾತೆದಾಗಿನ ರೊಕ್ಕ ಯಾಕ ಕಟ್ ಆಗ್ಯಾವ?” ಎಂಬುದು ಒಂದು. “ಕೆವೈಸಿ ಮಾಡಸ್ರಿ ಅಂತ ಮತ್ತ ಮತ್ತ ಯಾಕ ಅಂಲಾಕತ್ತಾರ?” ಎಂಬುದು ಇನ್ನೊಂದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಣ ಇಟ್ಟವನು ಯಾರೆಂದು ಬ್ಯಾಂಕು ತಿಳಿದುಕೊಳ್ಳುವುದು ಅದರ ಕರ್ತವ್ಯ. ಆ ಕರ್ತವ್ಯದ ಖರ್ಚು, ಶ್ರಮ, ಅವಮಾನ ಎಲ್ಲವನ್ನೂ ಗ್ರಾಹಕನ ತಲೆಯ ಮೇಲೆ ಹೊರಿಸುವುದು ಅನ್ಯಾಯ. ಈ ಅನ್ಯಾಯದ ಬಹುಪಾಲು ನಿಯಮದಲ್ಲಿಲ್ಲ, ನಿಯಮವನ್ನು ನಡೆಸುವ ರೀತಿಯಲ್ಲಿದೆ.

ಹಿಂದೆ ಖಾತೆ ತೆರೆಯಬೇಕಾದರೆ ಆ ಶಾಖೆಯಲ್ಲಿ ಈಗಾಗಲೇ ಖಾತೆಯಿದ್ದವರೊಬ್ಬರು ಪರಿಚಯದಾರರಾಗಿ ಸಹಿ ಹಾಕಬೇಕಿತ್ತು. ಶಿಕ್ಷಕರಾದ ನಮ್ಮ ಸಹಿಗೆ ಆಗ ಬಹಳ ಬೇಡಿಕೆ! ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಪರಿಚಯದಾರರು ಸಿಕ್ಕದೆ ತಾಂಡಾದವರು, ಕೇರಿಯವರು, ಕೂಲಿಯವರು ಬ್ಯಾಂಕಿನ ಹೊಸ್ತಿಲನ್ನೇ ತುಳಿಯಲಿಲ್ಲ. ಬೇನಾಮಿ ಖಾತೆಗಳೂ ಇದ್ದವು. ರಿಸರ್ವ್ ಬ್ಯಾಂಕು 2002ರಲ್ಲಿ ‘ನಿಮ್ಮ ಗ್ರಾಹಕರನ್ನು ಅರಿಯಿರಿ’ ಎಂಬ ಸೂಚನೆಗಳನ್ನು ತಂದದ್ದು, 2005ರ ಜುಲೈಯಿಂದ ಹಣದ ಅಕ್ರಮ ವರ್ಗಾವಣೆ ತಡೆ ಕಾಯ್ದೆ ಜಾರಿಗೆ ಬಂದದ್ದು ಸಕಾರಣವಾಗಿಯೇ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯಿಂದ ನಮ್ಮ ಕಡೆಯ ಸಾವಿರಾರು ಹೆಣ್ಣುಮಕ್ಕಳು ಮೊದಲ ಬಾರಿಗೆ ತಮ್ಮ ಹೆಸರಿನ ಪಾಸ್‌ಬುಕ್ ಹಿಡಿದರು. ಒಬ್ಬರ ಪರಿಚಯದ ಹಂಗಿಲ್ಲದೆ, ಒಂದು ಕಾಗದದ ಬಲದಿಂದ ಖಾತೆ ಸಿಗುವುದು ನಿಜವಾದ ಪ್ರಗತಿಯೇ.

ಆದರೆ ‘ಅರಿಯಿರಿ’ ಎಂಬ ಆ ಆಜ್ಞೆ ಯಾರಿಗೆ? ಬ್ಯಾಂಕಿಗೆ. ಅರಿಯಬೇಕಾದದ್ದು ಬ್ಯಾಂಕು. ನಡೆಯುತ್ತಿರುವುದು ಮಾತ್ರ ಬೇರೆ. ಹತ್ತಾರು ವರ್ಷ ಅದೇ ಶಾಖೆಗೆ ಹೋಗುತ್ತಿರುವವನು ತಾನೇ ತಾನೆಂದು ಪದೇ ಪದೇ ಸಾಬೀತುಪಡಿಸಬೇಕು. ಇತ್ತ ಬ್ಯಾಂಕುಗಳ ಗುರುತೇನಾದರೂ ಸ್ಥಿರವಾಗಿದೆಯೇ? ನಮ್ಮ ಭಾಗದ್ದನ್ನೇ ನೋಡೋಣ. ನಿಜಾಮರ ಕಾಲದಲ್ಲಿ, 1941ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಸ್ಟೇಟ್ ಬ್ಯಾಂಕು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಗುಲಬರ್ಗಾದಲ್ಲಿ ಪ್ರಧಾನ ಕಚೇರಿಯಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಗೆ ಸೇರಿತು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಾಯಿತು. ಒಂದೊಂದು ವಿಲೀನದ ಹಿಂದೆಯೂ ಹೊಸ ಪಾಸ್‌ಬುಕ್, ಹೊಸ ಚೆಕ್ ಪುಸ್ತಕ, ಹೊಸ ಐಎಫ್‌ಎಸ್‌ಸಿ ಸಂಖ್ಯೆ. ಬದಲಾದದ್ದು ಬ್ಯಾಂಕು, ಬಾಗಿಲಿಂದ ಬಾಗಿಲಿಗೆ ಅಲೆದದ್ದು ಗ್ರಾಹಕ. ಕೃಷ್ಣಾ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದ ರೈತನೊಬ್ಬ ಇಷ್ಟೆಲ್ಲ ಹೆಸರುಗಳನ್ನು ನಂಬಿ ಅಲ್ಲಿಯೇ ಹಣ ಇಟ್ಟಿದ್ದಾನೆ. ಅವನ ಆಧಾರ್ ಚೀಟಿಯಲ್ಲಿ ಒಂದು ಅಕ್ಷರ ಹೆಚ್ಚಾದರೆ ಬ್ಯಾಂಕು ಅವನನ್ನು ನಂಬುವುದಿಲ್ಲ.

ಅಕ್ಷರದ ಮಾತು ಬಂದಿತಲ್ಲ, ಅದು ನನ್ನ ವೃತ್ತಿಯ ವಿಷಯ. ಶಾಲೆಯ ದಾಖಲೆಯಲ್ಲಿ ‘ಶರಣಪ್ಪ’ ಎಂದು ಕನ್ನಡದಲ್ಲಿ ಸರಿಯಾಗಿಯೇ ಇರುತ್ತದೆ. ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಆಧಾರ್ ಕೇಂದ್ರದ ಹುಡುಗ ಒಂದು ಬಗೆ ಬರೆಯುತ್ತಾನೆ, ಪ್ಯಾನ್ ಕಾರ್ಡಿನವನು ಇನ್ನೊಂದು ಬಗೆ, ಬ್ಯಾಂಕಿನವರು ಮತ್ತೊಂದು ಬಗೆ. ಕನ್ನಡದ ‘ಳ’ಕಾರಕ್ಕೆ ಇಂಗ್ಲಿಷಿನಲ್ಲಿ ಅಕ್ಷರವೇ ಇಲ್ಲ, ಅದು ಖಾತೆದಾರನ ಅಪರಾಧವೇ? ನಮ್ಮ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಮೂರ್ನಾಲ್ಕು ವಿಧವಾಗಿ ಬರೆಯುತ್ತಾರೆ. ರಾಷ್ಟ್ರಕೂಟರ ಕಾಲದಲ್ಲಿ ಇದು ಮಾನ್ಯಖೇಟ. ಅರಬ್ ಲೇಖಕ ಅಲ್ ಮಸೂದಿ ಇದನ್ನು ‘ಮಾನ್ಕೀರ್’ ಎಂದು ಬರೆದ. ಎರಡೂ ಬೇರೆ ಬೇರೆ ಊರುಗಳೆಂದು ಯಾವ ಇತಿಹಾಸಕಾರನೂ ಪಟ್ಟು ಹಿಡಿಯಲಿಲ್ಲ! ಸರ್ಕಾರವೇ 2014ರ ನವೆಂಬರ್ 1ರಂದು ಗುಲಬರ್ಗಾವನ್ನು ಕಲಬುರಗಿ ಮಾಡಿತು. ಹಳೆಯ ದಾಖಲೆಯಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಇದ್ದರೆ ಅದಕ್ಕೂ ಗ್ರಾಹಕನೇ ಉತ್ತರ ಕೊಡಬೇಕು. ಜನ್ಮದಿನಾಂಕದ ಕಥೆ ಕೇಳುವುದೇ ಬೇಡ. ಜನನ ಪ್ರಮಾಣಪತ್ರವಿಲ್ಲದ ಆ ಕಾಲದಲ್ಲಿ ಜೂನ್ 1ರಂದು ‘ಹುಟ್ಟಿದ’ವರ ಸಂಖ್ಯೆ ನಮ್ಮ ಭಾಗದಲ್ಲಿ ಎಷ್ಟೆಂದು ಹಳೆಯ ದಾಖಲಾತಿ ಪುಸ್ತಕ ತೆರೆದವರಿಗೆಲ್ಲ ಗೊತ್ತು.

ಬೆರಳಚ್ಚಿನದು ಇನ್ನೊಂದು ಗೋಳು. ಶಹಾಬಾದ್, ವಾಡಿ ಕಡೆಯ ಕಲ್ಲಿನ ಗಣಿಗಳಲ್ಲಿ ದುಡಿದವರ ಬೆರಳಿನ ಗೆರೆಗಳು ಸವೆದುಹೋಗಿರುತ್ತವೆ. ತೊಗರಿ ಕೊಯ್ಲು ಮಾಡುವ ಹೆಂಗಸರ ಕೈಯೂ ಹಾಗೆಯೇ. ನಮ್ಮ ಓಣಿಯ ವೃದ್ಧೆಯೊಬ್ಬರು ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಗಾಗಿ ಮೂರು ದಿನ ಅಲೆದರು. ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪಲಿಲ್ಲ. “ನಾನೇ ಅದೀನಂತ ನಾನೇ ಹೇಳ್ಲಾಕತ್ತೀನಿ, ನಂಬಂಗಿಲ್ಲೇನಪಾ?” ಎಂದು ಅವರು ಕೌಂಟರಿನಲ್ಲಿದ್ದ ಹುಡುಗನನ್ನು ಕೇಳಿದರಂತೆ. ಒಂದು ದಿನ ಟಂಟಂ ಏರಿ ಸೇಡಂಗೆ ಹೋಗಿ ಬರುವುದೆಂದರೆ ಪ್ರಯಾಣದ ಖರ್ಚಿನ ಜೊತೆಗೆ ಅಂದಿನ ಕೂಲಿಯೂ ಹೋದಂತೆ. ಈ ಲೆಕ್ಕ ಯಾವ ಬ್ಯಾಂಕಿನ ಶುಲ್ಕಪಟ್ಟಿಯಲ್ಲಿಯೂ ಕಾಣುವುದಿಲ್ಲ.

ನನ್ನ ಅನುಭವವನ್ನೂ ಒಂದಿಷ್ಟು ಹೇಳುತ್ತೇನೆ. 2025ರ ಅಕ್ಟೋಬರಿನಲ್ಲಿ ನನ್ನ ಪಿಂಚಣಿ ಖಾತೆಯಿಂದ ಹಣ ತೆಗೆಯಲು ಹೋದರೆ ಖಾತೆ ತಡೆಹಿಡಿಯಲ್ಪಟ್ಟಿತ್ತು. ಬ್ಯಾಂಕಿನ ಹೆಸರು ಬೇಡ. ಕಾರಣ ಕೇಳಿದರೆ ‘ಕೆವೈಸಿ ಅವಧಿ ಮುಗಿದಿದೆ, ವಾಸದ ಪುರಾವೆ ತನ್ನಿ’ ಎಂಬ ಉತ್ತರ. ನನ್ನ ಮನೆ ಬದಲಾಗಿಲ್ಲ, ಹೆಸರು ಬದಲಾಗಿಲ್ಲ, ದೂರವಾಣಿ ಸಂಖ್ಯೆಯೂ ಬದಲಾಗಿಲ್ಲ. ಮನೆಗೆ ಬಂದು ನಿಯಮ ಓದಿದೆ. ವಿವರಗಳಲ್ಲಿ ಬದಲಾವಣೆ ಇಲ್ಲದಿದ್ದರೆ ‘ಯಾವ ಬದಲಾವಣೆಯೂ ಇಲ್ಲ’ ಎಂಬ ಸ್ವಯಂ ಘೋಷಣೆಯೇ ಸಾಕೆಂದು ರಿಸರ್ವ್ ಬ್ಯಾಂಕು 2023ರ ಜನವರಿಯಲ್ಲಿಯೇ ಸ್ಪಷ್ಟಪಡಿಸಿತ್ತು. ಅದನ್ನು ಪತ್ರ, ಮಿಂಚಂಚೆ, ಮೊಬೈಲು, ಎಟಿಎಂ ಯಾವುದರ ಮೂಲಕವಾದರೂ ಕೊಡಬಹುದು, ಶಾಖೆಗೆ ಹೋಗಲೇಬೇಕೆಂದಿಲ್ಲ. 2025ರ ಜೂನ್ 12ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಕಡಿಮೆ ಅಪಾಯದ ವರ್ಗಕ್ಕೆ ಸೇರಿದ ವ್ಯಕ್ತಿಗಳಿಗೆ ಅವಧಿ ಮುಗಿದ ಮೇಲೂ ಒಂದು ವರ್ಷ ವ್ಯವಹಾರ ನಡೆಸಲು ಬಿಡಬೇಕೆಂದಿತು. ಅವಧಿ ಮುಗಿಯುವ ಮೊದಲು ಕನಿಷ್ಠ ಮೂರು ಸೂಚನೆ ಕೊಡಬೇಕು, ಅದರಲ್ಲಿ ಒಂದಾದರೂ ಅಂಚೆಯ ಪತ್ರವಾಗಿರಬೇಕು ಎಂದೂ ಹೇಳಿತು. ಹಳ್ಳಿಗೆ ಬರುವ ಬ್ಯಾಂಕ್ ಮಿತ್ರರ ಮೂಲಕ ಘೋಷಣೆ ಸಲ್ಲಿಸಲೂ ಅವಕಾಶ ಕೊಟ್ಟಿತು. ಮರುದಿನ ನಾಲ್ಕು ಸಾಲಿನ ಪತ್ರ ಬರೆದು, ಎರಡನೆಯ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆ. ಮೂರನೆಯ ದಿನ ಖಾತೆ ತೆರೆಯಿತು. ನಾನು ಓದಬಲ್ಲೆ, ಬರೆಯಬಲ್ಲೆ. ಆ ವೃದ್ಧೆ ಏನು ಮಾಡಬೇಕು?

ಇನ್ನು ಹಣ ಕಡಿತದ ವಿಚಾರ. ಎಟಿಎಮ್ಮಿನಲ್ಲಿ ಉಚಿತ ಮಿತಿ ಮೀರಿದರೆ ಪ್ರತಿ ಬಾರಿಗೆ 23 ರೂಪಾಯಿಯವರೆಗೆ ಶುಲ್ಕ (2025ರ ಮೇ 1ರಿಂದ), ಅದರ ಮೇಲೆ ಜಿಎಸ್‌ಟಿ. ಯಂತ್ರ ನಡೆಸಲು ಖರ್ಚಾಗುತ್ತದೆ, ಒಪ್ಪೋಣ. ಆದರೆ ಕನಿಷ್ಠ ಶಿಲ್ಕು ಇಲ್ಲವೆಂದು ಕಡಿಯುವ ದಂಡ ಯಾವ ಸೇವೆಗೆ? ಖಾತೆಯಲ್ಲಿ ಹಣವಿಲ್ಲದವನಿಂದ, ಹಣವಿಲ್ಲವೆಂಬ ಕಾರಣಕ್ಕೇ ಹಣ ಕಿತ್ತುಕೊಳ್ಳುವ ಈ ಗಣಿತ ನಾನು ಯಾವ ಶಾಲೆಯಲ್ಲಿಯೂ ಕಂಡದ್ದಲ್ಲ. 2019–20ರಿಂದ 2023–24ರವರೆಗಿನ ಐದು ವರ್ಷಗಳಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳು ಹೀಗೆ ಸಂಗ್ರಹಿಸಿದ್ದು ಸುಮಾರು 8,500 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರವೇ 2024ರಲ್ಲಿ ಸಂಸತ್ತಿಗೆ ತಿಳಿಸಿತು. ಭಾರತೀಯ ಸ್ಟೇಟ್ ಬ್ಯಾಂಕು 2020ರ ಮಾರ್ಚಿನಲ್ಲಿ ಉಳಿತಾಯ ಖಾತೆಗಳ ಈ ದಂಡವನ್ನು ಕೈಬಿಟ್ಟಿತು. ಕೆನರಾ ಬ್ಯಾಂಕು 2025ರ ಜೂನಿನಿಂದ ಬಿಟ್ಟಿತು. ಇನ್ನೂ ಕೆಲವು ಅದೇ ದಾರಿ ಹಿಡಿದವು. ದೇಶದ ಅತಿ ದೊಡ್ಡ ಬ್ಯಾಂಕು ದಂಡವಿಲ್ಲದೆ ನಡೆಯುತ್ತದೆಯೆಂದ ಮೇಲೆ ಉಳಿದವರು ಹೇಳುವ ನೆಪಕ್ಕೆ ಬೆಲೆಯಿಲ್ಲ.

ಈ ಗೊಂದಲದ ಲಾಭ ಪಡೆಯುವವರು ಮೂರನೆಯವರು. ‘ಇಂದೇ ಕೆವೈಸಿ ಮಾಡಿಸದಿದ್ದರೆ ಖಾತೆ ಬಂದ್’ ಎಂಬ ಬ್ಯಾಂಕಿನ ಸಂದೇಶಕ್ಕೂ ವಂಚಕನ ಸಂದೇಶಕ್ಕೂ ಹಳ್ಳಿಯವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಎರಡೂ ಇಂಗ್ಲಿಷಿನಲ್ಲಿವೆ, ಎರಡೂ ಹೆದರಿಸುತ್ತವೆ. ಬ್ಯಾಂಕುಗಳು ಹೆದರಿಸುವ ಭಾಷೆಯನ್ನು ಬಿಟ್ಟು, ಕನ್ನಡದಲ್ಲಿ, ಕಾಗದದ ಮೇಲೆ ತಿಳಿಸಿದರೆ ಕಳ್ಳರ ಅರ್ಧ ಕಸುಬು ಅಲ್ಲಿಗೇ ನಿಲ್ಲುತ್ತದೆ.

ನನ್ನ ಬಂಧುಗಳೂ ವಿದ್ಯಾರ್ಥಿಗಳೂ ಕೆಲವು ಸಂಗತಿಗಳನ್ನು ನೆನಪಿನಲ್ಲಿಡಿ; ಮನೆಯ ಹಿರಿಯರಿಗೂ ತಿಳಿಸಿ.

ಕನಿಷ್ಠ ಶಿಲ್ಕಿನ ಬಾಧೆಯಿದ್ದರೆ ‘ಮೂಲ ಉಳಿತಾಯ ಖಾತೆ’ಗೆ ಬದಲಿಸಿಕೊಡಿರೆಂದು ಲಿಖಿತವಾಗಿ ಕೇಳಿ. ಅದರಲ್ಲಿ ಕನಿಷ್ಠ ಮೊತ್ತದ ಷರತ್ತಿಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಬಾರಿ ಉಚಿತವಾಗಿ ಹಣ ತೆಗೆಯಬಹುದು.

ಉಳಿದ ಖಾತೆಗಳಲ್ಲಿಯೂ ಒಂದು ತಿಂಗಳ ಮುನ್ಸೂಚನೆಯಿಲ್ಲದೆ ದಂಡ ಹಾಕುವಂತಿಲ್ಲ, ದಂಡದಿಂದಲೇ ಶಿಲ್ಕು ಸೊನ್ನೆಗಿಂತ ಕೆಳಗಿಳಿಯುವಂತಿಲ್ಲ. 2015ರ ಏಪ್ರಿಲ್ 1ರಿಂದ ಇದು ರಿಸರ್ವ್ ಬ್ಯಾಂಕಿನ ನಿಯಮ.

ಗುರುತಿಗೆ ಆಧಾರ್ ಒಂದೇ ದಾರಿಯೆಂದು ಯಾರಾದರೂ ಹೇಳಿದರೆ ಮತದಾರರ ಚೀಟಿ, ವಾಹನ ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಉದ್ಯೋಗ ಖಾತರಿಯ ಜಾಬ್ ಕಾರ್ಡುಗಳೂ ಮಾನ್ಯವೆಂದು ನೆನಪಿಸಿ. ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 26ರಂದು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯ ಕಡ್ಡಾಯವನ್ನು ರದ್ದುಪಡಿಸಿತು. ಸರ್ಕಾರದ ಸಹಾಯಧನ ಪಡೆಯುವವರಿಗೆ ಮಾತ್ರ ಆಧಾರ್ ಬೇಕು.

ಕೊಟ್ಟ ದೂರಿಗೆ ಮೂವತ್ತು ದಿನಗಳಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರಿಗೆ ಬರೆಯಬಹುದು. ಖರ್ಚಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಕರೆ ಮಾಡಿ. ಹಣ ವಂಚನೆಯಾದರೆ ತಡಮಾಡದೆ 1930ಕ್ಕೆ ತಿಳಿಸಿ.

ಕೊನೆಯದಾಗಿ ಬ್ಯಾಂಕುಗಳಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಶಾಖೆಗಳಲ್ಲಿ ಸಿಬ್ಬಂದಿ ಕಡಿಮೆ, ಮೇಲಿನವರ ಒತ್ತಡ ಹೆಚ್ಚು ಎಂಬುದನ್ನು ಬಲ್ಲೆ. ನಿಯಮ ಬರೆದವರು ನೀವಲ್ಲ; ಆದರೆ ಕೌಂಟರಿನ ಆಚೆ ನಿಂತ ಮುದುಕಿಗೆ ರಿಸರ್ವ್ ಬ್ಯಾಂಕೆಂದರೂ ನೀವೇ, ಸರ್ಕಾರವೆಂದರೂ ನೀವೇ. ತಿಂಗಳಿಗೊಂದು ದಿನ, ಸಂತೆಯ ದಿನವಾದರೂ, ಗ್ರಾಮ ಪಂಚಾಯಿತಿಯ ಕಟ್ಟಡದಲ್ಲಿ ಒಂದು ಮೇಜು ಹಾಕಿ ಕುಳಿತುಕೊಳ್ಳಿರಿ. ಸ್ವಯಂ ಘೋಷಣೆಯ ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಇಡಿರಿ. ಬೆರಳಚ್ಚು ಬೀಳದವರನ್ನು ಹಿಂದಕ್ಕೆ ಕಳಿಸುವ ಮೊದಲು ಬೇರೆ ದಾರಿಯೇನಿದೆಯೆಂದು ನೀವೇ ಹುಡುಕಿರಿ. ಶಾಲೆಯಲ್ಲಿ ಹಾಜರಿ ಕೂಗುವಾಗ ನೀವು “ಹಾಜರ್ ಸರ್” ಎಂದರೆ ಸಾಕಾಗುತ್ತಿತ್ತು. ಮುಖ ನೋಡಿ ಗುರುತಿಸುವುದು ಶಿಕ್ಷಕನ ಕೆಲಸವಾಗಿತ್ತು. ನಿಮ್ಮ ಗ್ರಾಹಕರನ್ನು ಅರಿಯುವ ಕೆಲಸವೂ ಹಾಗೆಯೇ ನಿಮ್ಮದು.